ಪಹಣಿಯ ಹಿಂದಿನ ಜೋಡಣೆ

ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ತಮ್ಮ ಎರಡು ಎಕರೆ ತೋಟದಲ್ಲಿ ಒಂದು ಎಕರೆ ಮಾರುತ್ತಾರೆ ಎಂದುಕೊಳ್ಳಿ. ಮೊದಲು ಸರ್ವೆಯವರು ಅಳೆದು 11ಇ ನಕ್ಷೆ ಕೊಡಬೇಕು. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಕೊನೆಗೆ ಖಾತೆ ಬದಲಾಗಿ, ಪಹಣಿಯ 9ನೇ ಕಾಲಂನಲ್ಲಿ ಕೊಂಡವರ ಹೆಸರು ಬರಬೇಕು. ರೈತರಿಗೆ ಇದೆಲ್ಲ ಒಂದೇ ಕೆಲಸ. ಆಡಳಿತಕ್ಕೆ ಮಾತ್ರ ಮೂರು ಕಚೇರಿ, ಮೂರು ತಂತ್ರಾಂಶ: ಮೋಜಿಣಿ, ಕಾವೇರಿ, ಭೂಮಿ.

ಹೀಗೆ ಬೇರೆ ಬೇರೆ ಇರುವ ಕೆಲಸದ ಕ್ರಮ, ಮಾಹಿತಿ, ತಂತ್ರಾಂಶ, ಯಂತ್ರಗಳನ್ನು ಸಂಸ್ಥೆಯ ಗುರಿಗೆ ತಕ್ಕಂತೆ ಜೋಡಿಸುವ ವಿದ್ಯೆಯೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. 1987ರಲ್ಲಿ ಐಬಿಎಂನ ಜಾನ್ ಝಾಕ್‌ಮನ್ ಬರೆದ ಲೇಖನ ಇದಕ್ಕೆ ಬುನಾದಿ ಹಾಕಿತು. ಅದೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರು ಕೊನೆಯ ಗದ್ದೆ ಮುಟ್ಟಬೇಕಾದರೆ ತೂಬು, ನಾಲೆ, ಹೊಲಗಾಲುವೆ ಒಂದಕ್ಕೊಂದು ಹೊಂದಿರಬೇಕು. ತೂಬನ್ನು ಮಾತ್ರ ಹೊಸದು ಮಾಡಿದರೆ ಗದ್ದೆ ನೆನೆಯುವುದಿಲ್ಲ.

2000ದ ಸುಮಾರಿಗೆ ಬಂದ ಕರ್ನಾಟಕದ ‘ಭೂಮಿ’ ಯೋಜನೆ ಇದನ್ನು ಅರಿತಿತ್ತು. ಅಲ್ಲಿಯವರೆಗೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹ. ಅವರು ಸಿಕ್ಕಿದ ದಿನ, ಅವರು ಬರೆದುಕೊಟ್ಟಿದ್ದು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ ಸೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಮುದ್ರಿತ ಪ್ರತಿ ಸಿಗತೊಡಗಿತು.

ಆದರೆ ಕಂಪ್ಯೂಟರ್ ತಂದದ್ದಕ್ಕಿಂತ ದೊಡ್ಡದು ಅದರ ಜೊತೆಗೆ ಬದಲಿಸಿದ ನಿಯಮ. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದಾಯಿತು. ಅಧಿಕಾರಿ ಬೆರಳಚ್ಚು ಕೊಟ್ಟರಷ್ಟೇ ದಾಖಲೆ ತಿದ್ದಲು ಸಾಧ್ಯವಾಯಿತು. ರೈತರು ಯಾರ ಮರ್ಜಿಗೂ ಕಾಯಬಾರದು ಎಂಬ ಗುರಿ ಮೊದಲು ನಿಂತಿತು, ಯಂತ್ರ ಅದರ ಹಿಂದೆ ಬಂತು.

ಮುಂದಿನ ಹೆಜ್ಜೆ, ಕಚೇರಿಗಳ ನಡುವಿನ ಗೋಡೆ ಒಡೆಯುವುದು. ಈಗ ನೋಂದಣಿಯಾದ ಕೂಡಲೇ ವಿವರ ಕಾವೇರಿಯಿಂದ ಭೂಮಿಗೆ ಹರಿದು, ಖಾತೆ ಬದಲಾವಣೆಯ ಪ್ರಕ್ರಿಯೆ ಶುರುವಾಗುತ್ತದೆ. ಪಹಣಿ ಮತ್ತು ಆಧಾರ್ ಜೋಡಿಸಿದ, ರೈತರ ‘ಫ್ರೂಟ್ಸ್’ ನೋಂದಣಿ ಸಂಖ್ಯೆ ಬೆಂಬಲ ಬೆಲೆಗೂ ಬೆಳೆಹಾನಿ ಪರಿಹಾರಕ್ಕೂ ಬಳಕೆಯಾಗುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರವೂ ‘ಇಂಡಿಯಾ’ (IndEA, ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್) ಹೆಸರಿನ ಇಂಥದೇ ಚೌಕಟ್ಟು ಪ್ರಕಟಿಸಿತು.

ಇಷ್ಟಾದರೂ ನೀರು ನಿಲ್ಲುವ ಒಂದು ಜಾಗ ಉಳಿದಿದೆ. ಜಗಳೂರಿನಂಥ ಮಳೆಯಾಶ್ರಿತ ಸೀಮೆಯಲ್ಲಿ ಮೊಮ್ಮಗ ಮೆಕ್ಕೆಜೋಳ ಬಿತ್ತುತ್ತಾನೆ, ಪಹಣಿ ಮಾತ್ರ ತೀರಿಕೊಂಡ ಅಜ್ಜನ ಹೆಸರಲ್ಲೇ ಇರುತ್ತದೆ. ಬೆಳೆ ಒಣಗಿ ಪರಿಹಾರ ಬಂದಾಗ ಕಂಪ್ಯೂಟರ್ ಹುಡುಕುವುದು ಅಜ್ಜನ ಆಧಾರ್ ಸಂಖ್ಯೆಯನ್ನು. ಅದಕ್ಕೆ ಬೇಕಿರುವುದು ಹೊಸ ತಂತ್ರಾಂಶವಲ್ಲ: ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಗ್ರಾಮ ಆಡಳಿತಾಧಿಕಾರಿ ಮನೆಬಾಗಿಲಲ್ಲೇ ಮಾಡಿಕೊಡುವ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು.