ಹಡಗು ಹತ್ತುವ ಮುಂಚೆ ಬಾಟ್ಲಿ ಕೆಳಗಿಡಿ!

ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಬದಿಯಲ್ಲಿ ಸೋಡಾ-ಶರಬತ್ತಿನ ಅಂಗಡಿ ಇಟ್ಟುಕೊಂಡಿರುವ ನಮ್ಮ ಪರಿಚಯದವರೊಬ್ಬರಿಗೆ ಒಂದು ಸಂಶಯ. ಪಣಂಬೂರು ಬಂದರಿಗೆ ಪ್ರವಾಸಿ ಹಡಗು ಬಂದ ದಿನ ಫಾರಿನ್ ಮಂದಿಯನ್ನು ಹೊತ್ತ ಬಸ್ಸುಗಳು ಊರೊಳಗೆ ಬರುತ್ತವೆ. ಅವರು ಕುದ್ರೋಳಿ ದೇವಸ್ಥಾನ ನೋಡುತ್ತಾರೆ, ಅಲೋಶಿಯಸ್ ಚಾಪೆಲಿನ ಗೋಡೆ ಚಿತ್ರ ನೋಡುತ್ತಾರೆ, ಬೆವರು ಒರೆಸಿಕೊಳ್ಳುತ್ತ ಮಾರ್ಕೆಟಿಗೆ ಬರುತ್ತಾರೆ. ಪುನರ್ಪುಳಿ ಶರಬತ್ತು ಒಂದು ಗ್ಲಾಸ್ ಕುಡಿದವರು ಇನ್ನೊಂದು ಗ್ಲಾಸ್ ಕೇಳಿ ಕುಡಿಯುತ್ತಾರೆ. ಆದರೆ ಅದನ್ನೇ ಬಾಟ್ಲಿಯಲ್ಲಿ ತುಂಬಿಸಿ ಕೊಡುತ್ತೇನೆ, ತಗೊಂಡು ಹೋಗಿ ಅಂದರೆ ಮಾತ್ರ ಎರಡೂ ಕೈ ಅಲ್ಲಾಡಿಸಿ ಬಿಡುತ್ತಾರೆ. ‘ಶಿಪ್, ನೋ’ ಅನ್ನುತ್ತಾರೆ.

‘ನನ್ನ ಬಾಟ್ಲಿಯೊಳಗೆ ಬಾಂಬ್ ಉಂಟಾ ಮಾರಾಯ್ರೆ?’ ಎಂದು ಅವರು ನಮ್ಮನ್ನು ಕೇಳಿದರು.

ಬಾಂಬ್ ಇಲ್ಲ ನಿಜ. ಆದರೆ ಹಡಗಿನವರಿಗೆ ಬಾಂಬಿನಷ್ಟೇ ಭಯ ಹುಟ್ಟಿಸುವ ಇನ್ನೊಂದು ಸಂಗತಿ ಅದರೊಳಗೆ ಇರಬಹುದು. ಅದು ರಮ್ಮೋ ವೋಡ್ಕಾವೋ ಆಗಿರಬಹುದು. ಹೋಗಲಿ, ಬರೀ ನೀರೇ ಇದ್ದರೂ ಅದು ಹಡಗಿನ ಗಲ್ಲಾಪೆಟ್ಟಿಗೆಗೆ ಬೀಳದ ನೀರು ತಾನೆ! ಸಂಗತಿ ಇರುವುದು ಅಲ್ಲೇ.

ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾದಾಗ ಅದಿರು, ಗೊಬ್ಬರ, ಎಣ್ಣೆಯ ಮಾತೇ ದೊಡ್ಡದಿತ್ತು. ಸಾವಿರಾರು ಜನರನ್ನು ಹೊತ್ತ ತೇಲುವ ಹೋಟೆಲುಗಳು ಚಳಿಗಾಲದ ಸೀಸನ್ನಿನಲ್ಲಿ ಇಲ್ಲಿ ತಂಗುವ ಕಾಲ ಬಂದದ್ದು ಆಮೇಲೆ. ನಾವು ಸುರತ್ಕಲ್ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ಬ್ಯಾಗಿನಲ್ಲಿ ನೀರಿನ ಬಾಟ್ಲಿ ಉಂಟೋ, ಮಜ್ಜಿಗೆ ಉಂಟೋ ಎಂದು ಕಂಡಕ್ಟರ್ ಕೇಳುವುದಿಲ್ಲ. ಹಡಗಿನಲ್ಲಿ ಕೇಳುತ್ತಾರೆ. ಕೇಳುವುದಲ್ಲ, ಎಕ್ಸ್‌ರೇ ಯಂತ್ರದೊಳಗೆ ಬ್ಯಾಗ್ ತೂರಿಸಿ ನೋಡುತ್ತಾರೆ.

ಕಾನೂನು ಒಂದೊಂದು ಹಡಗಿಗೆ ಒಂದೊಂದು. ಅಮೆರಿಕದ ಕಾರ್ನಿವಲ್ ಕಂಪೆನಿಯ ಹಡಗು ಹತ್ತುವವರು 21 ವರ್ಷ ದಾಟಿದ್ದರೆ ತಲೆಗೊಂದು 750 ಎಂ.ಎಲ್. ವೈನ್ ಬಾಟ್ಲಿ ತರಬಹುದು. ಸೀಲು ಒಡೆದಿರಬಾರದು, ಕೈಚೀಲದಲ್ಲೇ ಇರಬೇಕು, ಪ್ರಯಾಣದ ಮೊದಲ ದಿನವೇ ತರಬೇಕು. ಬಿಯರ್, ವಿಸ್ಕಿ, ರಮ್ ಸುತರಾಂ ಇಲ್ಲ. ಸೋಡಾ, ಜ್ಯೂಸ್ ಬೇಕಿದ್ದರೆ 12 ಸಣ್ಣ ಡಬ್ಬಿ, ಅದೂ ಮೊದಲ ದಿನ ಮಾತ್ರ. ರಾಯಲ್ ಕೆರಿಬಿಯನ್ ಹಡಗಿನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ನಾರ್ವೀಜಿಯನ್ ಕಂಪೆನಿಯವರು ವೈನ್ ಎಷ್ಟು ಬೇಕಾದರೂ ತನ್ನಿ ಅನ್ನುತ್ತಾರೆ, ಆದರೆ ಬಾಟ್ಲಿಗೆ 15 ಡಾಲರ್ ಮುಚ್ಚಳ ತೆಗೆಯುವ ಫೀಸು ಇಡಿ ಅನ್ನುತ್ತಾರೆ. ಡಾಲರಿಗೆ 85 ರೂಪಾಯಿ ಹಿಡಿದರೂ 1,275 ರೂಪಾಯಿ ಆಯಿತು. ನಮ್ಮದೇ ಬಾಟ್ಲಿ, ನಮ್ಮದೇ ದುಡ್ಡು, ಮುಚ್ಚಳ ತೆಗೆಯಲಿಕ್ಕೆ ಸಾವಿರದ ಮೇಲೆ! ಇಂಗ್ಲೆಂಡಿನ ಪಿ ಅಂಡ್ ಓ ದವರದು ತಲೆಗೊಂದು ಲೀಟರ್ ಲೆಕ್ಕ. ವೈಕಿಂಗ್ ಎಂಬ ದುಬಾರಿ ಹಡಗಿನವರು ಮಾತ್ರ ಏನು ಬೇಕಾದರೂ ತನ್ನಿ, ಫೀಸೂ ಬೇಡ ಅನ್ನುತ್ತಾರೆ. ಅವರಿಗೆ ಹೇಗೆ ಪೂರೈಸುತ್ತದೆ ಅಂದರೆ, ಟಿಕೇಟಿನಲ್ಲೇ ಎಲ್ಲ ಎಣಿಸಿಕೊಂಡಾಗಿದೆ.

2021ರಲ್ಲಿ ಮುಂಬಯಿಯಿಂದ ಓಡಾಟ ಶುರು ಮಾಡಿದ ನಮ್ಮ ದೇಶದ ಕೊರ್ಡೇಲಿಯಾ ಹಡಗಿನದೂ ಇದೇ ಹಾಡು. ಹೊರಗಿನ ತಿಂಡಿ, ಹೊರಗಿನ ಪಾನೀಯ ಬೇಡ. ಆ ಹಡಗು ಹೋಗುವ ಊರುಗಳಲ್ಲಿ ಲಕ್ಷದ್ವೀಪವೂ ಒಂದು. ಅಲ್ಲಿ ಬಂಗಾರಂ ದ್ವೀಪ ಬಿಟ್ಟರೆ ಪಾನನಿಷೇಧ. ಬಾಟ್ಲಿ ಹಿಡಿದುಕೊಂಡು ದಡಕ್ಕೆ ಇಳಿದರೆ ಹಡಗಿನವರಲ್ಲ, ಪೊಲೀಸರೇ ಮಾತಾಡಿಸುತ್ತಾರೆ.

ಹಸಿರು ಮೌತ್‌ವಾಷ್, ಒಳಗೆ ವೋಡ್ಕಾ

ಸರಿ, ಮದ್ಯಕ್ಕೆ ಕಟ್ಟುಪಾಡು ಇರಲಿ. ನೀರಿನ ಬಾಟ್ಲಿ ಏನು ಪಾಪ ಮಾಡಿತ್ತು?

ಈ ಕಥೆ ಕೇಳಿ. ಬಾರಿನ ರೇಟು ತಡೆಯಲಾರದ ಪ್ರಯಾಣಿಕರು ಮಾಡಿದ ಕರಾಮತ್ತು ಒಂದೆರಡಲ್ಲ. ಬಾಯಿ ಮುಕ್ಕಳಿಸುವ ಮೌತ್‌ವಾಷ್ ಬಾಟ್ಲಿ ಖಾಲಿ ಮಾಡಿ, ವೋಡ್ಕಾ ಹೊಯ್ದು, ಒಂದು ತೊಟ್ಟು ಹಸಿರು ಬಣ್ಣ ಹಾಕಿದರು. ನೋಡಿದರೆ ಥೇಟ್ ಮೌತ್‌ವಾಷ್. ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬಿನಲ್ಲಿ ತುಂಬಿದರು. ಹಿಡಿಯೊಳಗೆ ಟೊಳ್ಳಿರುವ ಬಾಚಣಿಗೆ, ಟೊಳ್ಳು ಕೊಡೆ, ಎಕ್ಸ್‌ರೇಯಲ್ಲಿ ಗುರುತು ಸಿಗದಿರಲಿ ಎಂದು ಮೆತ್ತನೆಯ ಪ್ಲಾಸ್ಟಿಕ್ ಚೀಲ, ಇವನ್ನೆಲ್ಲ ಮಾರುವ ಕಂಪೆನಿಗಳೇ ಹುಟ್ಟಿಕೊಂಡವು. ಕಳ್ಳರಿಗೆ ಸಾಮಾನು ಒದಗಿಸುವುದೂ ಒಂದು ವ್ಯಾಪಾರ ನೋಡಿ.

ಎಲ್ಲಕ್ಕಿಂತ ಸಲೀಸು ಯಾವುದೆಂದರೆ ನೀರಿನ ಬಾಟ್ಲಿ. ಮುಚ್ಚಳದ ಸೀಲು ಹಾಳಾಗದ ಹಾಗೆ ತೆಗೆದು, ನೀರು ಚೆಲ್ಲಿ, ಬಿಳಿ ರಮ್ ತುಂಬಿಸಿ, ಮತ್ತೆ ಸೀಲು ಕೂರಿಸುವುದು. 24 ಬಾಟ್ಲಿಯ ಕಟ್ಟಿನಲ್ಲಿ ಯಾವುದು ಗಂಗೆ, ಯಾವುದು ಸುರೆ ಎಂದು ಗೇಟಿನವನು ಮೂಸಿ ನೋಡಲಿಕ್ಕಾಗುತ್ತದೆಯೇ? ಹಿಂದೆ ಸಾಲು ನಿಂತವರು ಸಾವಿರಗಟ್ಟಲೆ ಜನ. ಕಾರ್ನಿವಲ್‌ನವರು 2015ರ ಜುಲೈಯಲ್ಲಿ ಬಾಟ್ಲಿಯೆಂಬುದನ್ನೇ ಬಂದ್ ಮಾಡಿದರು. ನೀರೂ ಇಲ್ಲ, ಸೋಡಾವೂ ಇಲ್ಲ, ಸೀಲು ತೆಗೆದರೆ ಮತ್ತೆ ಕೂರಿಸಲಾಗದ ಡಬ್ಬಿ ಮಾತ್ರ ತನ್ನಿ ಎಂದರು. ಮರುವರ್ಷ ನಾರ್ವೀಜಿಯನ್‌ನವರು ಒಂದು ಹೆಜ್ಜೆ ಮುಂದೆ ಹೋಗಿ ನೀರು, ಸೋಡಾ ಎರಡನ್ನೂ ಪೂರಾ ನಿಲ್ಲಿಸಿದರು.

ಅಂತೂ ಕದ್ದು ಕುಡಿದವನು ಒಬ್ಬ, ಬಾಯಾರಿದವನು ಇನ್ನೊಬ್ಬ. ಮಗುವಿನ ಹಾಲುಪುಡಿಗೆ, ಉಸಿರಾಟದ ಯಂತ್ರಕ್ಕೆ ಹಾಕುವ ಶುದ್ಧ ನೀರಿಗೆ ವಿನಾಯಿತಿ ಉಂಟು, ಅಷ್ಟರ ಮಟ್ಟಿಗೆ ಪುಣ್ಯ ಕಟ್ಟಿಕೊಂಡಿದ್ದಾರೆ.

ಸಿಕ್ಕಿಬಿದ್ದರೆ ಏನಾಗುತ್ತದೆ? ಜೈಲೇನೂ ಇಲ್ಲ. ಪೆಟ್ಟಿಗೆ ರೂಮಿಗೆ ಬರುವುದಿಲ್ಲ. ಎಲ್ಲರದ್ದೂ ಬಂತು, ನಮ್ಮದು ಎಲ್ಲಿ ಎಂದು ಹುಡುಕಿಕೊಂಡು ಹೋದರೆ ಕೆಳಗಿನ ಡೆಕ್ಕಿನ ಒಂದು ಕೋಣೆಯಲ್ಲಿ ಇಟ್ಟಿರುತ್ತಾರೆ. ಅಲ್ಲಿ ನಿಮ್ಮ ಕೈಯಿಂದಲೇ ಪೆಟ್ಟಿಗೆ ತೆರೆಸುತ್ತಾರೆ. ನಿಮ್ಮ ಹಾಗೆಯೇ ಮುಖ ಸಣ್ಣದು ಮಾಡಿಕೊಂಡ ಹತ್ತಾರು ಗೃಹಸ್ಥರು ಅಲ್ಲಿ ಸಾಲು ನಿಂತಿರುತ್ತಾರೆ. ನಮ್ಮೂರಿನ ಸಾರಾಯಿ ಅಂಗಡಿ ಮುಂದೆ ಸೋದರಮಾವ ಎದುರಾದ ಹಾಗೆ!

ದಾರಿಯ ಊರುಗಳಲ್ಲಿ ಕೊಂಡ ಬಾಟ್ಲಿಗೂ ಇದೇ ಗತಿ. ಗೋವಾದಲ್ಲಿ ಇಳಿದು ಫೆನ್ನಿ ಕೊಂಡರೆ, ಹಡಗು ಹತ್ತುವಾಗ ಅದನ್ನು ಇಸಿದುಕೊಂಡು ಚೀಟಿ ಕೊಡುತ್ತಾರೆ. ಪ್ರವಾಸದ ಕೊನೆಗೆ, ಇಳಿಯುವ ಹೊತ್ತಿಗೆ, ವಾಪಸ್ ಕೊಡುತ್ತಾರೆ. ಹಡಗಿನೊಳಗಿನ ಸುಂಕವಿಲ್ಲದ ಅಂಗಡಿಯಲ್ಲೇ ಕೊಂಡಿದ್ದರೂ ಅಷ್ಟೆ. ಅವರೇ ಮಾರಿದ್ದು, ಅವರೇ ಕಟ್ಟಿಡುವುದು.

ಲೆಕ್ಕ ಎಲ್ಲಿದೆ?

ಹಡಗಿನವರನ್ನು ಕೇಳಿದರೆ ಸುರಕ್ಷತೆ ಎನ್ನುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಬಾರಿನಲ್ಲಿ ಕುಡಿದರೆ ಬಾರಿನ ಹುಡುಗನಿಗೆ ಗೊತ್ತಾಗುತ್ತದೆ, ಹೆಚ್ಚಾಯಿತು ಅನಿಸಿದರೆ ಸಾಕು ಎಂದು ನಿಲ್ಲಿಸಬಹುದು. ರೂಮಿನ ಬಾಗಿಲು ಹಾಕಿಕೊಂಡು ಕುಡಿಯುವವನನ್ನು ಯಾರು ನೋಡಬೇಕು? ಕಂಬಿ ಹಾರಿ ನೀರಿಗೆ ಬಿದ್ದರೆ ಅದು ನೇತ್ರಾವತಿ ಸೇತುವೆಯಲ್ಲ, ದೋಣಿಯವನು ಎಳೆದುಕೊಳ್ಳಲಿಕ್ಕೆ. ನಡುಸಮುದ್ರಕ್ಕೆ 108 ಬರುವುದಿಲ್ಲ.

ಒಪ್ಪಿದೆವು. ಆದರೆ ಅದೇ ಕಾರ್ನಿವಲ್ ಹಡಗಿನಲ್ಲಿ ಮುಂಗಡ ದುಡ್ಡು ಕಟ್ಟಿ ಕುಡಿಯುವ ಒಂದು ಪ್ಯಾಕೇಜ್ ಉಂಟು. ಅದರಲ್ಲಿ ದಿನಕ್ಕೆ ಎಷ್ಟು ಪೆಗ್ಗಿಗೆ ಮಿತಿ ಗೊತ್ತೇ? 15! ಹದಿನೈದು ಕುಡಿಸುವುದು ಸುರಕ್ಷಿತ, ನಾನೇ ತಂದ ಎರಡು ಕುಡಿಯುವುದು ಅಪಾಯ ಅಂದರೆ ನಮ್ಮಂಥ ದಡ್ಡರಿಗೂ ನಗು ಬರುತ್ತದೆ. ಇನ್ನೂ ಒಂದು ಷರತ್ತು. ಒಂದೇ ರೂಮಿನಲ್ಲಿರುವ ದೊಡ್ಡವರಲ್ಲಿ ಒಬ್ಬರು ಆ ಪ್ಯಾಕೇಜ್ ತಗೊಂಡರೆ ಉಳಿದವರೂ ತಗೊಳ್ಳಬೇಕು. ಗಂಡನಿಗೆ ಕೊಡಿಸಿ ಹೆಂಡತಿ ನಿಂಬೆ ಶರಬತ್ತು ಕುಡಿದುಕೊಂಡಿರುತ್ತೇನೆ ಅಂದರೆ ನಡೆಯುವುದಿಲ್ಲ.

ನಾವು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವರು, ಲೆಕ್ಕ ಅಷ್ಟಕ್ಕಷ್ಟೆ. ಆದರೂ ಈ ಲೆಕ್ಕ ನೋಡಿ. ಹತ್ತಾರು ಹಡಗುಗಳಿರುವ ಕಾರ್ನಿವಲ್ ಕಾರ್ಪೊರೇಷನ್ನಿಗೆ 2023ರಲ್ಲಿ ಬಂದ ಒಟ್ಟು ಹಣ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಟಿಕೇಟಿನದು 1,410 ಕೋಟಿ. ಉಳಿದ 750 ಕೋಟಿ ಡಾಲರ್ ಹೆಚ್ಚಾಗಿ ಜನ ಹಡಗು ಹತ್ತಿದ ಮೇಲೆ ಬಿಚ್ಚಿದ್ದು. ಬಾರು, ಜೂಜು, ಅಂಗಡಿ, ಮಾಲೀಷು, ಊರು ನೋಡುವ ಬಸ್ಸು ಎಲ್ಲ ಸೇರಿ. ಅಂದರೆ ಮೂರರಲ್ಲಿ ಒಂದು ಪಾಲು. ಟಿಕೇಟು ಅಗ್ಗ ಅಂತ ಜಾಹೀರಾತು ಹಾಕಿ ಜನರನ್ನು ಹತ್ತಿಸುವುದು, ಹತ್ತಿಸಿದ ಮೇಲೆ ಸುತ್ತ ಸಮುದ್ರ. ಎದುರು ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ ಅಂತ ಎದ್ದು ಹೋಗಲಿಕ್ಕೆ ಎದುರು ಅಂಗಡಿ ಎಲ್ಲಿದೆ? ವ್ಯಾಪಾರ ಮಾಡುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಸ್ಪರ್ಧಿ ಇಲ್ಲದ ಬೀದಿಯಲ್ಲಿ ಒಂದೇ ಅಂಗಡಿ ಇಟ್ಟವನು ಗಿರಾಕಿಯ ಬುತ್ತಿಗಂಟು ನೋಡಿ ಯಾಕೆ ಮುಖ ಸಿಂಡರಿಸುತ್ತಾನೆ ಎಂದು ನಿಮಗೆ ಗೊತ್ತು.

ಸಿನೆಮಾ ಟಾಕೀಸಿನಲ್ಲೂ ಇದೇ ತಗಾದೆ ನಡೆದಿತ್ತಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಟಾಕೀಸಿನವನಿಗೆ ಉಂಟು ಎಂದಿತು. ಆದರೆ ಕುಡಿಯುವ ಶುದ್ಧ ನೀರು ಪುಕ್ಕಟೆ ಇಡಬೇಕು, ಕೂಸಿಗೆ ಬೇಕಾದ ಆಹಾರ ತಂದರೆ ತಡೆಯಬಾರದು ಎಂದೂ ಹೇಳಿತು. ಆದರೆ ಟಾಕೀಸು ಮೂರು ಗಂಟೆ, ಹಡಗು ಏಳು ದಿನ. ಅದರ ಮೇಲೆ ಬಹಾಮಾಸ್, ಪನಾಮ ಅಂತ ಯಾವುದೋ ದೇಶದ ಬಾವುಟ. ಜಗಳ ಬಂದರೆ ಯಾವ ಕೋರ್ಟಿಗೆ ಹೋಗುತ್ತೀರಿ?

ಇಲ್ಲಿ ಇನ್ನೊಂದು ಮಗ್ಗುಲು ಹೇಳದಿದ್ದರೆ ನಮ್ಮವರಿಗೇ ಅನ್ಯಾಯ ಮಾಡಿದಂತೆ. ಆ ಬಾರಿನ ಬಿಲ್ಲಿನ ಮೇಲೆ 18-20 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರುತ್ತದೆ. ಟ್ರೇ ಹಿಡಿದು ಓಡಾಡುವವರ ಗಳಿಕೆಯಲ್ಲಿ ಈ ಬಾಬ್ತಿಗೆ ದೊಡ್ಡ ಪಾಲು. ಆ ಟ್ರೇ ಹಿಡಿದವರಲ್ಲಿ ಮಂಗಳೂರು, ಉಡುಪಿ, ಗೋವಾದ ಹುಡುಗರು ಎಷ್ಟಿಲ್ಲ! ‘ಮಗ ಶಿಪ್ಪಿನಲ್ಲಿದ್ದಾನೆ’ ಅನ್ನುವ ಮನೆ ಕರಾವಳಿಯ ಯಾವ ಊರಿನಲ್ಲಿಲ್ಲ? ವಾರದ ರಜೆ ಎಂಬುದಿಲ್ಲದೆ ತಿಂಗಳುಗಟ್ಟಲೆ ದುಡಿದು ಅವರು ಕಳಿಸಿದ ಹಣದಲ್ಲೇ ಎಷ್ಟೋ ಮನೆಗೆ ತಾರಸಿ ಬಂದಿದೆ. ಮೌತ್‌ವಾಷ್ ಬಾಟ್ಲಿಯವನು ಕಂಪೆನಿಗೆ ಟೋಪಿ ಹಾಕಿದೆ ಎಂದುಕೊಂಡಿರುತ್ತಾನೆ. ಆ ಟೋಪಿಯ ಒಂದು ಅಂಚು ನಮ್ಮ ಹುಡುಗನ ತಲೆಯ ಮೇಲೂ ಬಂದಿರುತ್ತದೆ.

ಹಾಗಂತ ನೀರನ್ನೂ ದುಡ್ಡು ಕೊಟ್ಟು ಕೊಳ್ಳಬೇಕೇ? ಇದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ, ನಾಳೆ ನಿಮ್ಮ ಅಳಿಯ ಟಿಕೇಟು ಕಳಿಸಿದರೆ ಉಪಯೋಗಕ್ಕೆ ಬರುತ್ತದೆ. ಬೇಡ. ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ಸಿಹಿನೀರು ಮಾಡಿಕೊಳ್ಳುತ್ತವೆ. ಎಂಜಿನ್ನಿನ ಬಿಸಿಯಿಂದ ನೀರನ್ನು ಆವಿ ಮಾಡಿ ತಣಿಸುವುದು ಒಂದು ಕ್ರಮ, ಭಾರಿ ಒತ್ತಡದಲ್ಲಿ ತೆಳು ಪೊರೆಯ ಮೂಲಕ ಹಾಯಿಸಿ ಉಪ್ಪು ಬೇರ್ಪಡಿಸುವುದು ಇನ್ನೊಂದು. ಆಮೇಲೆ ಕ್ಲೋರಿನ್ ಹಾಕಿ ಪರೀಕ್ಷೆ ಮಾಡುತ್ತಾರೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳ ನೀರು, ಅಡುಗೆಮನೆಗಳನ್ನು ಅಲ್ಲಿನ ಸರಕಾರದ ಆರೋಗ್ಯ ಇಲಾಖೆಯವರು ಏಕಾಏಕಿ ಬಂದು ತಪಾಸಣೆ ಮಾಡಿ ಮಾರ್ಕು ಹಾಕುತ್ತಾರೆ. ರೂಮಿನ ನಲ್ಲಿಯಲ್ಲಿ ಬರುವುದೂ ಕುಡಿಯುವ ನೀರೇ. ಊಟದ ಸಾಲಿನಲ್ಲಿ ನೀರು, ಚಾ, ಕಾಫಿ ಸಾಮಾನ್ಯವಾಗಿ ಪುಕ್ಕಟೆ. ಮೇಜಿನ ಮೇಲೆ ಚಂದ ಮಾಡಿ ಇಟ್ಟಿರುವ ಬಾಟ್ಲಿಯ ಕುತ್ತಿಗೆಯಲ್ಲಿ ಒಂದು ರೇಟಿನ ಚೀಟಿ ನೇತಾಡುತ್ತಿರುತ್ತದೆ, ಅದನ್ನು ಓದಿದ ಮೇಲೆ ಮುಚ್ಚಳ ತಿರುವಿ. ಖಾಲಿ ಬಾಟ್ಲಿ ಒಯ್ಯಲಿಕ್ಕೆ ಅಡ್ಡಿಯಿಲ್ಲ, ಒಳಗೆ ತುಂಬಿಸಿಕೊಂಡರಾಯಿತು. ಇಷ್ಟು ಸಣ್ಣ ವಿಷಯವನ್ನು ಆ ಬಾಟ್ಲಿಯ ಪಕ್ಕ ಒಂದು ಸಾಲು ಬರೆದಿಡಲಿಕ್ಕೆ ಕಂಪೆನಿಯವರಿಗೆ ಜಾಗ ಸಿಕ್ಕಿಲ್ಲ, ಬಿಡಿ.

ಹಡಗಿಗೂ ಬಾಟ್ಲಿಗೂ ಇರುವ ನಂಟು ಹಳೆಯದು. 1920ರಿಂದ 1933ರ ವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಕುಡಿಯಲಿಕ್ಕೆಂದೇ ಜನ ನ್ಯೂಯಾರ್ಕಿನಲ್ಲಿ ವಿದೇಶಿ ಹಡಗು ಹತ್ತುತ್ತಿದ್ದರು. ಎಲ್ಲಿಗೂ ಹೋಗುವ ಉದ್ದೇಶವಿಲ್ಲ. ಅಮೆರಿಕದ ಗಡಿನೀರು ದಾಟಿದ ಮೇಲೆ ಬಾರು ತೆರೆಯುವುದು, ಸುತ್ತು ಹೊಡೆದು ವಾಪಸ್ ಬರುವುದು. ದಡದಲ್ಲಿ ಬಾಟ್ಲಿ ಇಲ್ಲವೆಂದು ಅಂದು ಜನ ಹಡಗಿಗೆ ಹೋದರು. ಈಗ ದಡದ ಬಾಟ್ಲಿಯನ್ನು ಹಡಗಿನವರೇ ಬಾಗಿಲಲ್ಲಿ ಹಿಡಿಯುತ್ತಾರೆ.

ಇದನ್ನೆಲ್ಲ ನಮ್ಮ ಶರಬತ್ತಿನವರಿಗೆ ಹೇಳಿದೆವು. ಪೂರ್ತಿ ಕೇಳಿಸಿಕೊಂಡರು. ಪುನರ್ಪುಳಿ ಬಾಟ್ಲಿಗಳನ್ನು ಒಂದೊಂದಾಗಿ ಒರೆಸಿ ಹಿಂದಿನ ಸಾಲಿಗೆ ಇಟ್ಟರು. ಆಮೇಲೆ, ‘ಗೇರುಬೀಜದ ಪ್ಯಾಕೆಟಿಗೆ ತಕರಾರು ಉಂಟಾ?’ ಎಂದು ಕೇಳಿದರು. ಸೀಲು ಮಾಡಿದ ಒಣ ತಿಂಡಿಗೆ ಸಾಮಾನ್ಯವಾಗಿ ತಕರಾರಿಲ್ಲ ಎಂದೆವು.

ಮರುವಾರ ಆ ದಾರಿಯಲ್ಲಿ ಹೋದಾಗ ನೋಡಿದರೆ ಅಂಗಡಿಯ ಎದುರು ಹಗ್ಗ ಕಟ್ಟಿ ಕಾಲು ಕಿಲೋದ ಗೇರುಬೀಜ ಪ್ಯಾಕೆಟ್ ನೇತು ಹಾಕಿದ್ದಾರೆ. ಕೆಳಗೆ ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರ: ‘ಶಿಪ್, ಓಕೆ’.