ಪ್ರಾಥಮಿಕ ಶಾಲೆಯ ಆಪ್ತಸಮಾಲೋಚಕರು

ಬಾಲಕರ ತಪ್ಪನ್ನು ತಿದ್ದುವುದು ಉಪಾಧ್ಯಾಯರ ಧರ್ಮವೆಂಬುದು ಸರ್ವಸಮ್ಮತವಾದ ವಿಷಯ. ಆದರೆ ತಪ್ಪೆಂದು ತೋರುವುದೆಲ್ಲವೂ ತಪ್ಪೇ ಅಹುದೇ ಎಂಬುದು ವಿಚಾರಾರ್ಹವಾಗಿದೆ. ಈ ವಿಚಾರವನ್ನೇ ಕರ್ತವ್ಯವಾಗಿ ಉಳ್ಳ ಆಪ್ತಸಮಾಲೋಚಕರು ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಲ್ಲಿರುತ್ತಾರೆ.

1908ರಲ್ಲಿ ಬಾಸ್ಟನ್ ನಗರದಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಎಂಬವರು ತರುಣರಿಗೆ ಉದ್ಯೋಗದ ಆಯ್ಕೆಯಲ್ಲಿ ಸಲಹೆಯೀಯುವ ಕಾರ್ಯಾಲಯವೊಂದನ್ನು ತೆರೆದರು. ಈ ಪದ್ಧತಿಯ ಮೂಲಗಳಲ್ಲಿ ಅದೂ ಒಂದು. 1958ರ ರಾಷ್ಟ್ರರಕ್ಷಣಾ ಶಿಕ್ಷಣ ಶಾಸನವು ಪ್ರೌಢಶಾಲೆಗಳ ಸಮಾಲೋಚನೆಗೆ ಧನಸಹಾಯವನ್ನೊದಗಿಸಿತು. 1964ರ ತಿದ್ದುಪಡಿಯು ಅದನ್ನು ಪ್ರಾಥಮಿಕ ಶಾಲೆಗಳಿಗೂ ವಿಸ್ತರಿಸಿತು.

ಇವರು ಇಡೀ ತರಗತಿಗೆ ಪಾಠ ಹೇಳುವರು. ಸಮಾನ ಕಷ್ಟವುಳ್ಳ ಕೆಲವು ಮಕ್ಕಳನ್ನು ಒಟ್ಟಿಗೆ ಕೂಡಿಸಿ ಮಾತನಾಡಿಸುವರು. ಒಬ್ಬೊಬ್ಬರೊಡನೆ ಏಕಾಂತದಲ್ಲಿಯೂ ಸಂಭಾಷಿಸುವರು. ಏಳು ವರ್ಷದ ಮಗುವಿಗೆ ದುಃಖವಿದ್ದರೂ ಅದನ್ನು ಹೇಳುವ ಮಾತು ಅನೇಕವೇಳೆ ತಿಳಿದಿರುವುದಿಲ್ಲ. ಆದುದರಿಂದ ಅದು ಹೊಟ್ಟೆನೋವೆನ್ನುತ್ತದೆ, ಇಲ್ಲವೆ ಪಕ್ಕದವನನ್ನು ಹೊಡೆಯುತ್ತದೆ. ಸಮಾಲೋಚಕರು ಚಿತ್ರ, ಬೊಂಬೆ, ಕಥೆಗಳ ಮೂಲಕ ಆ ಭಾವಕ್ಕೊಂದು ಹೆಸರನ್ನು ಕಲಿಸುವರು. ಅನಂತರ ತಾಯಿತಂದೆಗಳನ್ನೂ ಉಪಾಧ್ಯಾಯರನ್ನೂ ಕಂಡು, ಕಾರಣವನ್ನು ವಿಚಾರಿಸುವರು. ದೀರ್ಘಚಿಕಿತ್ಸೆ ಬೇಕಾದಲ್ಲಿ ತಜ್ಞರ ಬಳಿಗೆ ಕಳುಹಿಸುವರು.

ಮಗು ಹೇಳಿದುದನ್ನು ಗುಟ್ಟಾಗಿಡುವುದು ನಿಯಮ. ಪ್ರಾಣಾಪಾಯವಾಗಲಿ ಹಿಂಸೆಯಾಗಲಿ ಕಂಡುಬಂದಲ್ಲಿ ಈ ನಿಯಮವು ಸಲ್ಲದು. ಇದನ್ನು ಮಗುವಿಗೆ ಮೊದಲೇ ತಿಳಿಸತಕ್ಕದ್ದು.

250 ವಿದ್ಯಾರ್ಥಿಗಳಿಗೊಬ್ಬರು ಇರಬೇಕೆಂಬುದು ಅಲ್ಲಿಯ ವೃತ್ತಿಸಂಘದ ಮತ. ಸಂಖ್ಯೆಯು ಇದನ್ನು ಬಹಳವಾಗಿ ಮೀರಿದಲ್ಲಿ, ಗಲಾಟೆ ಮಾಡುವ ಮಗುವಿಗೆ ಗಮನವು ದೊರೆತು, ಸುಮ್ಮನೆ ಕುಳಿತು ನೋಯುವ ಮಗು ಮರೆಯಾಗುವ ಸಂಭವವುಂಟು. ಭಾವಕ್ಕೆ ತಕ್ಕ ಮಾತನ್ನು ಕಲಿಸುವುದು ಭಾಷೋಪಾಧ್ಯಾಯರ ಕೆಲಸವೂ ಆಗಿರುವುದರಿಂದ, ಅಂಥ ಮಗುವನ್ನು ಮೊದಲು ಗುರುತಿಸುವ ಅವಕಾಶವು ಅವರಿಗಿದೆ.