ಮಳೆಗಾಲದ ಹಾಕಿ

ಕೊಡಗಿನಲ್ಲಿ ಹಾಕಿಗೂ ಒಂದು ಋತುವುಂಟು. ಕಾಫಿಯ ಕೊಯ್ಲು ಮುಗಿದು, ಹೂಮಳೆ ಬಿದ್ದು, ಶಾಲೆಗಳಿಗೆ ರಜೆ ಬಂದ ಮೇಲೆ ಅದು ಮೊದಲಾಗುತ್ತದೆ. ಮುಂಗಾರು ಘಟ್ಟವನ್ನೇರುವ ಮುನ್ನ ಮುಗಿಯಬೇಕು. ಕೊಡವ ಕೌಟುಂಬಿಕ ಹಾಕಿ ಉತ್ಸವದ ವಿಚಾರವಾಗಿ ಪತ್ರಿಕೆಗಳು ಸಾಕಷ್ಟು ಬರೆದಿವೆ. ಉಳಿದ ತಿಂಗಳುಗಳನ್ನು ಅದರ ಭಕ್ತರು ಹೇಗೆ ಕಳೆಯುತ್ತಾರೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಅಮೆರಿಕದ ಬೇಸ್‌ಬಾಲ್ ಪ್ರಿಯರಿಗೂ ಇಂಥದೊಂದು ವಿರಹಕಾಲವಿದೆ. ಶರತ್ಕಾಲದಲ್ಲಿ ಆಟ ನಿಂತರೆ ಮತ್ತೆ ವಸಂತ ಬರಬೇಕು. ಚಳಿಗಾಲದಲ್ಲಿ ಒಲೆಯ ಸುತ್ತ ಕುಳಿತು ಆಟಗಾರರ ಗುಣದೋಷಗಳನ್ನು ಚರ್ಚಿಸುವ ತಮ್ಮ ಚಾಳಿಗೆ ಅವರು ‘ಬಿಸಿ ಒಲೆಯ ಲೀಗ್’ ಎಂದೇ ಹೆಸರಿಟ್ಟಿದ್ದಾರೆ. ಕೊಡಗಿನಲ್ಲಿ ಹಿಮವಿಲ್ಲ, ಮಳೆಯಿದೆ. ಒಲೆಯಂತೂ ಇದ್ದೇ ಇದೆ. ಆದರೆ ಚರ್ಚೆಯ ರೀತಿ ಬೇರೆ. ಅಲ್ಲಿ ಅಭಿಮಾನಿ ತನ್ನ ತಂಡವನ್ನು ಆರಿಸಿಕೊಳ್ಳಬಲ್ಲ. ಇಲ್ಲಿ ಒಕ್ಕವೇ ತಂಡ, ಅದು ಹುಟ್ಟಿನೊಡನೆಯೇ ಬರುತ್ತದೆ. ಕೈಗೆ ಬಂದ ಚೆಂಡನ್ನು ಬಿಟ್ಟ ಗೋಲಿ ಚಿಕ್ಕಪ್ಪನ ಮಗ. ನಾಟಿಯ ಗದ್ದೆಯಲ್ಲಿ ಎದುರಾಗುತ್ತಾನೆ, ಊಟಕ್ಕೆ ಪಕ್ಕದಲ್ಲೇ ಕೂರುತ್ತಾನೆ. ಅವನನ್ನು ಬೈಯುವುದಕ್ಕೆ ಸಲಿಗೆ ಸಾಕು, ಕ್ಷಮಿಸುವುದಕ್ಕೆ ಸಮಯ ಬೇಕು. ಕಕ್ಕಡ ತಿಂಗಳ ಮಳೆ ಆ ಸಮಯವನ್ನು ಧಾರಾಳವಾಗಿ ಕೊಡುತ್ತದೆ. ಆಗ ಮದುವೆ ಮುಂಜಿಗಳಿಲ್ಲ. ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ, ಅದರೊಡನೆ ಮೇ ತಿಂಗಳ ಸೋಲಿನ ಮರುವಿಚಾರಣೆ. ಹಿರಿಯರು ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಇವರ ಕಾಲವನ್ನು ಎತ್ತಿದರೆಂದರೆ ಕಿರಿಯರು ಸುಮ್ಮನಾಗಬೇಕು. ಸೆಪ್ಟೆಂಬರಿನ ಕೈಲ್‌ಪೊಳ್ದ್‌ನಲ್ಲಿ ಕೋವಿ, ಕತ್ತಿ, ನೇಗಿಲುಗಳಿಗೆ ಪೂಜೆ. ಅವುಗಳ ಪಕ್ಕದಲ್ಲಿ ಹಾಕಿ ಕೋಲನ್ನೂ ಒರಗಿಸಿದರೆ ಗುರುಕಾರೋಣ ಮುನಿಯಲಾರನೆಂದು ನನ್ನ ನಂಬಿಕೆ.

ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಈ ಉತ್ಸವವನ್ನು ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. ಚದರಿಹೋಗುತ್ತಿದ್ದ ಒಕ್ಕಗಳನ್ನು ಒಂದೆಡೆ ಕೂಡಿಸಬೇಕೆಂಬುದು ಅವರ ಹಂಬಲ. ಹಾಕಿ ಅದಕ್ಕೊಂದು ನೆಪ. ವರ್ಷಕ್ಕೊಂದು ಕುಟುಂಬ ಹೊಣೆ ಹೊರುವುದು, ಕಪ್ಪಿಗೆ ಆ ಕುಟುಂಬದ ಹೆಸರಿಡುವುದು ಪದ್ಧತಿಯಾಯಿತು.

ನೆಪವೇ ಇಲ್ಲದಾದರೆ ಏನಾದೀತು? ಆ ಪರೀಕ್ಷೆಯೂ ನಡೆದುಹೋಯಿತು. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದವು. ಮಕ್ಕಂದೂರು, ಜೋಡುಪಾಲಗಳ ಕಡೆ ಮನೆ ತೋಟಗಳು ಮಣ್ಣಿನಡಿಯಾದವು. ಮರುವರ್ಷ ಎಂದಿನ ಉತ್ಸವ ನಡೆಯಲಿಲ್ಲ. ಅದರ ಬೆನ್ನಿಗೇ ಮಹಾಮಾರಿ ಬಂದು ಇನ್ನೂ ಮೂರು ಬೇಸಗೆಗಳನ್ನು ನುಂಗಿತು. ಕುಟ್ಟಪ್ಪನವರು ತೀರಿಕೊಂಡದ್ದೂ 2020ರಲ್ಲಿ, ಮೈದಾನಗಳು ಬರಿದಾಗಿದ್ದ ಕಾಲದಲ್ಲಿ. 2018ರ ಬೇಸಗೆಯಲ್ಲಿ ಗೆರೆಯಾಚೆ ನಿಂತು ಚೆಂಡು ಹೆಕ್ಕಿಕೊಡುತ್ತಿದ್ದ ಹನ್ನೆರಡರ ಹುಡುಗ, ಮುಂದಿನ ಉತ್ಸವದ ವೇಳೆಗೆ ಹದಿನೇಳರ ತರುಣ. ಒಕ್ಕದ ಪರವಾಗಿ ಆಡುವುದನ್ನು ಅವನು ಯಾರಿಂದ ಕಲಿಯಬೇಕಿತ್ತು? ಮೈದಾನವಿಲ್ಲದ ಮೇಲೆ ಮಾತಿನಿಂದಲೇ. ಮಳೆಗಾಲದ ಆ ಹರಟೆಯನ್ನು ಕಾಲಹರಣವೆಂದು ತಳ್ಳಿಹಾಕಲು ನನಗೆ ಮನಸ್ಸಾಗದಿರುವುದು ಇದಕ್ಕಾಗಿಯೇ.

2023ರಲ್ಲಿ ನಾಪೋಕ್ಲುವಿನಲ್ಲಿ ಆಟ ಮತ್ತೆ ಮೊದಲಾಯಿತು. ಮರುವರ್ಷ ಅಲ್ಲಿಯೇ ನಡೆದ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳು ಬಂದು, ಗಿನ್ನೆಸ್ ದಾಖಲೆಯೂ ಆಯಿತು. ದಾಖಲೆ ಸಂತೋಷದ್ದೇ. ನನಗೆ ಮಾತ್ರ, ನಾಲ್ಕು ವರ್ಷ ಅಟ್ಟದ ಹೊಗೆಯಲ್ಲಿದ್ದ ಕೋಲುಗಳು ಕೆಳಗಿಳಿದವಲ್ಲ, ಅದೇ ದೊಡ್ಡದಾಗಿ ಕಂಡಿತು.

ಪುತ್ತರಿ ಕಳೆದು ಕಾಫಿ ಕಣಕ್ಕೆ ಬೀಳುವ ಹೊತ್ತಿಗೆ ಬೆಂಗಳೂರು, ಮೈಸೂರುಗಳಿಂದ ಫೋನು ಬರತೊಡಗುತ್ತದೆ. ರಜೆ ಯಾವಾಗ ಹಾಕಬೇಕು, ಅಂಗಿಯ ಅಳತೆಯೆಷ್ಟು, ಈ ಸಲ ಗೋಲಿ ಯಾರು? ಇವೆಲ್ಲ ಹೇಗೋ ಬಗೆಹರಿಯುತ್ತವೆ. ಮದುವೆಯಾದ ಹೆಣ್ಣುಮಗಳು ತವರಿಗೂ ಆಡಬಹುದು, ಗಂಡನ ಮನೆಗೂ ಆಡಬಹುದು. ಓಟದಲ್ಲಿ ಚುರುಕಾದ ಸೊಸೆಯಿದ್ದರಂತೂ ಎರಡು ಮನೆಗಳ ನಡುವಿನ ರಾಜಿ ಪಂಚಾಯಿತಿ ಹೂಮಳೆ ಬೀಳುವವರೆಗೂ ಮುಗಿಯುವುದಿಲ್ಲ.